ಐದು ಸಹಿ, ಒಂದು ಹೆಸರು: ಕೆನಡಾದ ಖಾಸಗಿ ನಿರಾಶ್ರಿತ ಪ್ರಾಯೋಜಕತ್ವ ಯೋಜನೆಯನ್ನು ಬಳಸಿದವರ ವಿಮರ್ಶೆ

ಕೆನಡಾದ ಖಾಸಗಿ ನಿರಾಶ್ರಿತ ಪ್ರಾಯೋಜಕತ್ವ ಯೋಜನೆಯ ಮೂಲಕ ನಾವು ಐದು ಜನ ಸೇರಿ, ಒಂಬತ್ತು ವರ್ಷ ಪಪುವಾ ನ್ಯೂಗಿನಿಯಲ್ಲಿ ಸಿಕ್ಕಿಬಿದ್ದಿದ್ದ ಒಬ್ಬರನ್ನು 2022ರ ಅಕ್ಟೋಬರಿನಲ್ಲಿ ವ್ಯಾಂಕೂವರ್ ಪಕ್ಕದ ನಮ್ಮ ಊರಿಗೆ ಕರೆಸಿಕೊಂಡೆವು. ಅಂದಿನಿಂದ ಯುಗಾದಿಗೋ ರಾಜ್ಯೋತ್ಸವಕ್ಕೋ ಇಲ್ಲಿನ ಕನ್ನಡದವರು ಸೇರಿದಾಗಲೆಲ್ಲ ಒಬ್ಬಿಬ್ಬರಾದರೂ ನನ್ನನ್ನು ಪಕ್ಕಕ್ಕೆ ಕರೆದು, ಇದಕ್ಕೆ ಎಷ್ಟು ಖರ್ಚಾಗುತ್ತದೆ, ಏನೇನು ಕಾಗದಪತ್ರ ಬೇಕು, ಬಂದವರು ನಮ್ಮ ಮನೆಯಲ್ಲೇ ಇರುತ್ತಾರೆಯೇ, ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆ ಯಾರದು ಎಂದು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಅರ್ಧ ಉತ್ತರ ಕೊಟ್ಟು ಕಳಿಸಿದ ಬೇಸರ ನನಗಿದೆ. ಈ ಸೇವೆಯನ್ನು ಮೊದಲ ಅರ್ಜಿಯಿಂದ ಹನ್ನೆರಡನೆಯ ತಿಂಗಳ ಬಾಡಿಗೆಯವರೆಗೆ ಬಳಸಿದ ಮೇಲೆ, ಅದರಲ್ಲಿ ಯಾವುದು ಚೆನ್ನಾಗಿದೆ, ಯಾವುದು ಸರಿಯಿಲ್ಲ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಬಂದವರ ಹೆಸರನ್ನಾಗಲಿ ದೇಶವನ್ನಾಗಲಿ ಬರೆಯುವುದಿಲ್ಲ. ಅವರ ತಂದೆತಾಯಿ ಇನ್ನೂ ಅಲ್ಲಿಯೇ ಇದ್ದಾರೆ.

ಯೋಜನೆಯ ಹುಟ್ಟು ವಿಯೆಟ್ನಾಂ ಯುದ್ಧದ ನಂತರದ ದಿನಗಳಲ್ಲಿದೆ. ದೋಣಿಗಳಲ್ಲಿ ಸಮುದ್ರಕ್ಕಿಳಿದ ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್‌ಗಳ ಜನರಿಗಾಗಿ 1979ರಲ್ಲಿ ಕೆನಡಾ ಈ ದಾರಿಯನ್ನು ತೆರೆಯಿತು. ಸರ್ಕಾರ ತಾನು ಕರೆಸಿಕೊಳ್ಳುವವರನ್ನು ಕರೆಸಿಕೊಳ್ಳಲಿ, ಅದರ ಮೇಲೆ ಸಾಮಾನ್ಯ ಜನರೂ ಕೈಜೋಡಿಸಿ ಹೆಚ್ಚುವರಿಯಾಗಿ ಇನ್ನಷ್ಟು ಜನರನ್ನು ಕರೆಸಬಹುದು ಎಂಬುದು ಅದರ ಮೂಲ ಮಾತು. 1979 ಮತ್ತು 1980ರಲ್ಲಿ ಬಂದ ಸುಮಾರು 60,000 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಚರ್ಚುಗಳು, ನೆರೆಹೊರೆಯವರು, ಸಹೋದ್ಯೋಗಿಗಳ ಗುಂಪುಗಳು ಹೊಣೆ ಹೊತ್ತದ್ದರಿಂದ ಬಂದವರು. 1986ರಲ್ಲಿ, ನಿರಾಶ್ರಿತರಿಗಾಗಿ ದುಡಿದವರಿಗೆ ಕೊಡುವ ವಿಶ್ವಸಂಸ್ಥೆಯ ನಾನ್ಸೆನ್ ಪದಕವನ್ನು ಒಬ್ಬ ವ್ಯಕ್ತಿಗಲ್ಲದೆ ಕೆನಡಾದ ಜನತೆಗೇ ಕೊಟ್ಟರು. ಇಂದಿನವರೆಗೆ ಈ ದಾರಿಯಲ್ಲಿ ಬಂದವರ ಸಂಖ್ಯೆ 3 ಲಕ್ಷ ದಾಟಿದೆ. ನಮ್ಮ ಐವರಲ್ಲಿ ಒಬ್ಬರಾದ ಹಿರಿಯ ಮಹಿಳೆ 1980ರಲ್ಲಿ ಹೀಗೆಯೇ ವಿಯೆಟ್ನಾಂನಿಂದ ಬಂದವರು. ಪಕ್ಕದ ಬೀದಿಯ ಅವರು ಸಹಿ ಹಾಕುವಾಗ ಬೇರೇನೂ ಹೇಳದೆ, ತಮ್ಮನ್ನು ಕರೆಸಿದ ಗುಂಪಿನ ಜನರ ಹೆಸರುಗಳನ್ನು ಒಂದೊಂದಾಗಿ ಹೇಳಿದರು.

ಪ್ರಾಯೋಜಕರಾಗಲು ಮೂರು ಬಾಗಿಲುಗಳಿವೆ. ಸರ್ಕಾರದೊಂದಿಗೆ ಶಾಶ್ವತ ಒಪ್ಪಂದ ಮಾಡಿಕೊಂಡ ಸಂಸ್ಥೆಗಳು ಮೊದಲನೆಯದು, ಸ್ಥಳೀಯ ಸಂಘಗಳು ಎರಡನೆಯದು. ಮೂರನೆಯದು ನಮ್ಮಂಥವರಿಗೆ ಇರುವ ‘ಗ್ರೂಪ್ ಆಫ್ ಫೈವ್’. ಹದಿನೆಂಟು ದಾಟಿದ, ಬಂದವರು ನೆಲೆಸಲಿರುವ ಪ್ರದೇಶದಲ್ಲೇ ವಾಸಿಸುವ, ಕೆನಡಾದ ಪೌರರೋ ಪಿಆರ್ (ಖಾಯಂ ನಿವಾಸ) ಇರುವವರೋ ಆದ ಐದು ಅಥವಾ ಹೆಚ್ಚು ಮಂದಿ ಒಟ್ಟಾಗಿ ಮುಚ್ಚಳಿಕೆ ಬರೆದುಕೊಟ್ಟು, ಬರುವವರ ಹನ್ನೆರಡು ತಿಂಗಳ ವಸತಿ, ಊಟ, ಬಟ್ಟೆ, ಓಡಾಟದ ಖರ್ಚನ್ನೂ, ಭಾಷೆ, ವೈದ್ಯರು, ಕೆಲಸ ಇವುಗಳಿಗೆ ದಾರಿ ತೋರಿಸುವ ಹೊಣೆಯನ್ನೂ ಹೊತ್ತುಕೊಳ್ಳುತ್ತಾರೆ. ಕಾಗದದ ಮೇಲೆ ಇದು ಇಷ್ಟೇ. ಬಂದವರು ವಿಮಾನದಿಂದ ಇಳಿದ ದಿನವೇ ಕೆನಡಾದ ಖಾಯಂ ನಿವಾಸಿ ಆಗುತ್ತಾರೆ, ದೇಶದಲ್ಲಿ ಎಲ್ಲಿ ಬೇಕಾದರೂ ಇರಬಹುದು, ಯಾವ ಕೆಲಸ ಬೇಕಾದರೂ ಮಾಡಬಹುದು. ಪ್ರಾಯೋಜಕರು ಅವರಿಂದ ಒಂದು ಡಾಲರನ್ನೂ ಪಡೆಯುವಂತಿಲ್ಲ. ಅವರು ನಮ್ಮ ಮನೆಯಲ್ಲಿರಬೇಕೆಂಬ ನಿಯಮವೂ ಇಲ್ಲ, ಮತ್ತು ನನ್ನ ಅನುಭವದಲ್ಲಿ ಇರದಿರುವುದೇ ಒಳ್ಳೆಯದು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಈ ಯೋಜನೆಯನ್ನು ಬೇರೆಲ್ಲ ಪುನರ್ವಸತಿ ಯೋಜನೆಗಳಿಂದ ಬೇರೆ ಮಾಡುವುದು ಒಂದೇ ಅಂಶ. ಸರ್ಕಾರಗಳು ಕರೆಸಿಕೊಳ್ಳುವ ನಿರಾಶ್ರಿತರನ್ನು ಸಾಮಾನ್ಯವಾಗಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಶಿಬಿರಗಳಿಂದ ಆರಿಸಿ ಕಳುಹಿಸುತ್ತದೆ. ಯಾರು ಬರುತ್ತಾರೆ ಎಂಬುದು ಬರಮಾಡಿಕೊಳ್ಳುವ ಊರಿನವರಿಗೆ ಗೊತ್ತಿರುವುದಿಲ್ಲ. ಇಲ್ಲಿಯಾದರೋ ಇಂಥವರನ್ನೇ ಕರೆಸಿಕೊಳ್ಳುತ್ತೇವೆ ಎಂದು ಹೆಸರು ಹಿಡಿದು ಹೇಳುವ ಅವಕಾಶ ಪ್ರಾಯೋಜಕರಿಗೆ ಇದೆ. ಶಿಬಿರದ ಸರದಿಯಲ್ಲಿ ಇಲ್ಲದವರು, ಯಾವ ದೇಶದ ಪಟ್ಟಿಯಲ್ಲೂ ಹೆಸರು ಬಾರದವರು, ಯಾವುದೋ ದ್ವೀಪದಲ್ಲೋ ಹೋಟೆಲಿನಲ್ಲೋ ವಿಮಾನ ನಿಲ್ದಾಣದಲ್ಲೋ ವರ್ಷಗಟ್ಟಲೆ ಕೂಡಿಹಾಕಲ್ಪಟ್ಟವರು, ಇವರನ್ನು ತಲುಪುವ ಕೈ ಇದೊಂದೇ ಆಗಿಬಿಡುವುದು ಈ ಕಾರಣದಿಂದ.

ಅಂಥ ಬಂಧನ ಎಂದರೆ ಏನೆಂಬುದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ನಮ್ಮವರಲ್ಲಿ ಹೆಚ್ಚಿನವರಿಗೆ ಆಸ್ಟ್ರೇಲಿಯಾ ಎಂದರೆ ಕ್ರಿಕೆಟ್ಟು ಮತ್ತು ಮಕ್ಕಳ ಎಂ.ಎಸ್. ಪದವಿ. ದೋಣಿಯಲ್ಲಿ ಬಂದು ಆಶ್ರಯ ಕೇಳಿದವರನ್ನು ಪೆಸಿಫಿಕ್ ಸಾಗರದ ನೌರು ದ್ವೀಪಕ್ಕೂ ಪಪುವಾ ನ್ಯೂಗಿನಿಯ ಮಾನುಸ್ ದ್ವೀಪಕ್ಕೂ ಸಾಗಿಸುವ ಪದ್ಧತಿಯನ್ನು ಆ ದೇಶ 2012ರಲ್ಲಿ ಮತ್ತೆ ಆರಂಭಿಸಿತು. 2013ರ ಜುಲೈ 19ರಂದು ಅಂದಿನ ಪ್ರಧಾನಿ ಕೆವಿನ್ ರಡ್ ಅವರು, ಇನ್ನು ಮುಂದೆ ದೋಣಿಯಲ್ಲಿ ಬರುವ ಯಾರೂ ನಿರಾಶ್ರಿತರೆಂದು ಸಾಬೀತಾದರೂ ಆಸ್ಟ್ರೇಲಿಯಾದಲ್ಲಿ ಎಂದಿಗೂ ನೆಲೆಸುವಂತಿಲ್ಲ ಎಂದು ಘೋಷಿಸಿದರು. ಆ ದಿನದ ನಂತರ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಹೀಗೆ ದ್ವೀಪಗಳಿಗೆ ಕಳಿಸಲಾಯಿತು. ಅವರಲ್ಲಿ ಬಹುಪಾಲು ಜನರನ್ನು ಆಮೇಲೆ ನಿರಾಶ್ರಿತರೆಂದು ಅಧಿಕೃತವಾಗಿ ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೂ ಹೋಗಲು ಊರಿಲ್ಲ. 2014ರ ಫೆಬ್ರವರಿಯಲ್ಲಿ ಮಾನುಸ್ ಕೇಂದ್ರದೊಳಗೆ ನಡೆದ ದಾಳಿಯಲ್ಲಿ ರೆಜಾ ಬರಾಟಿ ಎಂಬ ಇರಾನಿನ ಕುರ್ದ್ ಯುವಕನನ್ನು ಕೊಂದರು. 2016ರ ಏಪ್ರಿಲಿನಲ್ಲಿ ಪಪುವಾ ನ್ಯೂಗಿನಿಯ ಸುಪ್ರೀಂ ಕೋರ್ಟೇ ಈ ಬಂಧನ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಕೇಂದ್ರ ಮುಚ್ಚಿದ್ದು 2017ರ ಅಕ್ಟೋಬರ್ 31ಕ್ಕೆ. ಅದಾದ ಮೇಲೂ ಜನರು ಸಣ್ಣ ಶಿಬಿರಗಳಿಗೆ, 2019ರಲ್ಲಿ ರಾಜಧಾನಿ ಪೋರ್ಟ್ ಮೋರ್ಸ್‌ಬಿಗೆ ಹೀಗೆ ಜಾಗ ಬದಲಿಸಿದರೇ ಹೊರತು ಬಿಡುಗಡೆಯಾಗಲಿಲ್ಲ. ಚಿಕಿತ್ಸೆಗೆಂದು ಆಸ್ಟ್ರೇಲಿಯಾಕ್ಕೆ ಕರೆತಂದವರನ್ನು ಹೋಟೆಲುಗಳಲ್ಲಿ ಕೂಡಿಹಾಕಿದರು. 2022ರ ಜನವರಿಯಲ್ಲಿ ಟೆನಿಸ್ ಆಟಗಾರ ನೊವಾಕ್ ಜೊಕೊವಿಚ್ ಅವರನ್ನು ಕೆಲವು ದಿನ ಇರಿಸಿದ್ದ ಮೆಲ್ಬರ್ನ್‌ನ ಪಾರ್ಕ್ ಹೋಟೆಲ್ ಅಂಥದ್ದೊಂದು. ಅದರ ಕಿಟಕಿಗಳ ಹಿಂದೆ ಎಂಟು ಒಂಬತ್ತು ವರ್ಷದಿಂದ ಬಂಧನದಲ್ಲಿದ್ದವರೂ ಇದ್ದರು ಎಂಬುದು ಆಗಷ್ಟೇ ಪ್ರಪಂಚದ ಕಣ್ಣಿಗೆ ಬಿತ್ತು.

ಬೇರೆ ದಾರಿಗಳು ಇರಲಿಲ್ಲವೆಂದಲ್ಲ. ವರ್ಷಕ್ಕೆ 150 ಜನರನ್ನು ತೆಗೆದುಕೊಳ್ಳುತ್ತೇವೆ ಎಂದು ನ್ಯೂಜಿಲೆಂಡ್ 2013ರಲ್ಲೇ ಹೇಳಿತ್ತು. ಆ ಮಾತನ್ನು ಆಸ್ಟ್ರೇಲಿಯಾ ಒಪ್ಪಿದ್ದು 2022ರ ಮಾರ್ಚಿನಲ್ಲಿ. ಅಮೆರಿಕದೊಂದಿಗೆ 2016ರಲ್ಲಿ 1,250 ಜನರ ಮಿತಿಯೊಂದಿಗೆ ಒಪ್ಪಂದವಾಗಿ ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿಗೆ ಹೋದರು, ಆದರೆ ಕೆಲವು ದೇಶಗಳಿಂದ ಬಂದವರ ಅರ್ಜಿಗಳು ಅಲ್ಲಿ ತಿರಸ್ಕೃತವಾದವು. ಹೀಗೆ ಎಲ್ಲ ಪಟ್ಟಿಗಳಿಂದಲೂ ಬಿಟ್ಟುಹೋದವರಿಗಾಗಿ ಆಸ್ಟ್ರೇಲಿಯಾದ ನಿರಾಶ್ರಿತರ ಪರಿಷತ್ತು ಮತ್ತು ವಲಸಿಗರಿಗೆ ನೆರವಾಗುವ ವ್ಯಾಂಕೂವರ್‌ನ ಮೊಸಾಯಿಕ್ ಸಂಸ್ಥೆ ಇತರರೊಡನೆ ಸೇರಿ ‘ಆಪರೇಷನ್ ನಾಟ್ ಫರ್ಗಾಟನ್’ ಎಂಬ ಕೆಲಸವನ್ನು ಕೈಗೆತ್ತಿಕೊಂಡವು. ತಮ್ಮ ಸರ್ಕಾರ ಬಾಗಿಲು ಮುಚ್ಚಿದ್ದ ಜನರಿಗಾಗಿ ಸಾಮಾನ್ಯ ಆಸ್ಟ್ರೇಲಿಯನ್ನರು ಹಣ ಕೂಡಿಸಿಕೊಟ್ಟರು, ಕೆನಡಾದವರು ಹೊಣೆಯ ಕಾಗದಕ್ಕೆ ಸಹಿ ಹಾಕಿದರು. ಅದಕ್ಕೂ ಮೊದಲು, 2018ರಲ್ಲಿ, ಕ್ವಾಲಾಲಂಪುರದ ವಿಮಾನ ನಿಲ್ದಾಣದಲ್ಲಿ ಏಳು ತಿಂಗಳು ಸಿಕ್ಕಿಕೊಂಡು, ನಂತರ ಮಲೇಷ್ಯಾದ ಬಂಧನ ಕೇಂದ್ರದಲ್ಲಿ ಎರಡು ತಿಂಗಳು ಕಳೆದ ಸಿರಿಯಾದ ಹಸನ್ ಅಲ್ ಕೊಂತಾರ್ ಅವರನ್ನೂ ಇಲ್ಲಿನವರು ಇದೇ ಯೋಜನೆಯಡಿ ಕರೆಸಿಕೊಂಡಿದ್ದರು. ಅವರು ವ್ಯಾಂಕೂವರ್‌ನಲ್ಲಿ ಇಳಿದ ಸುದ್ದಿಯನ್ನು ಓದಿದ ವಾರವೇ ನಮ್ಮ ಗುಂಪಿನ ಮೊದಲ ಮಾತುಕತೆ ನಡೆದದ್ದು.

ನಮ್ಮ ಐವರನ್ನು ಕೂಡಿಸಿದವರು ನಾವೆಲ್ಲ ಅಕ್ಕ ಎಂದು ಕರೆಯುವ, ಪಿರಿಯಾಪಟ್ಟಣದ ಮೂಲದ ನಿವೃತ್ತ ನರ್ಸ್. ಅವರು, ಅವರ ಯಜಮಾನರು, ನಾನು, ನನ್ನ ಜೊತೆ ಕೆಲಸ ಮಾಡುವ ಒಬ್ಬ ಪಂಜಾಬಿ ಗೆಳೆಯ, ಮೇಲೆ ಹೇಳಿದ ವಿಯೆಟ್ನಾಂ ಮೂಲದ ಹಿರಿಯರು. ಅಕ್ಕನ ತಂದೆಗೆ ಪಿರಿಯಾಪಟ್ಟಣದಲ್ಲಿ ದಿನಸಿ ಅಂಗಡಿ ಇತ್ತು. 1960ರ ದಶಕದ ಆರಂಭದಲ್ಲಿ ಮೈಸೂರು ರಾಜ್ಯ ಕೊಟ್ಟ ಜಮೀನಿನಲ್ಲಿ ಬೈಲಕುಪ್ಪೆಯ ಟಿಬೆಟನ್ ವಸತಿ ಎದ್ದಾಗ, ಕಾಡು ಕಡಿದು ಗದ್ದೆ ಮಾಡುತ್ತಿದ್ದವರಿಗೆ ಆ ಅಂಗಡಿಯಿಂದ ಉಪ್ಪು, ಬೆಲ್ಲ, ಸೀಮೆಎಣ್ಣೆ ಸಾಲವಾಗಿ ಹೋಗುತ್ತಿತ್ತಂತೆ. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿದ ದೇಶವಲ್ಲ, ಅಲ್ಲಿ ಇಂಥ ಪ್ರಾಯೋಜಕತ್ವದ ಕಾನೂನೂ ಇಲ್ಲ. ಆದರೂ ಮೈಸೂರು ಸೀಮೆಯಲ್ಲಿ ಬೆಳೆದವರಿಗೆ ಬೇರೆ ನಾಡಿನವರು ಬಂದು ನೆಲೆಸುವುದು ಹೊಸ ದೃಶ್ಯವಲ್ಲ. ನಾನು ಲೆಕ್ಕದ ಪುಸ್ತಕ ಹಿಡಿದು ಕೂತಾಗ ಅಕ್ಕ ಹೇಳಿದ ಮಾತು ನೆನಪಿದೆ: “ದುಡ್ಡು ಹೇಗಾದರೂ ಹೊಂದುತ್ತೆ ಕಣಪ್ಪ. ವಾರಕ್ಕೆ ಎರಡು ದಿನ ಅವನ ಜೊತೆ ಬಸ್ಸಿನಲ್ಲಿ ಕೂತು ಓಡಾಡೋರು ಯಾರು, ಅದನ್ನ ಮೊದಲು ಬರಿ.” ಸರ್ಕಾರ ಕೇಳುವ ‘ನೆಲೆಗೊಳಿಸುವ ಯೋಜನೆ’ ಎಂಬ ಕಾಗದದಲ್ಲಿಯೂ ಕೇಳಿರುವುದು ನಿಜಕ್ಕೂ ಅದನ್ನೇ. ವಿಮಾನ ನಿಲ್ದಾಣಕ್ಕೆ ಯಾರು ಹೋಗುತ್ತೀರಿ, ಆರೋಗ್ಯ ಕಾರ್ಡಿಗೆ ಯಾರು ಜೊತೆಯಾಗುತ್ತೀರಿ, ಇಂಗ್ಲಿಷ್ ತರಗತಿಗೆ, ಹಲ್ಲಿನ ವೈದ್ಯರಿಗೆ, ಕೆಲಸದ ಅರ್ಜಿಗೆ ಯಾರು? ಈ ಕಾಗದವನ್ನು ತಯಾರಿಸಿದವರಿಗೆ ನನ್ನ ಪೂರ್ಣ ಮೆಚ್ಚುಗೆ ಇದೆ. ಅದನ್ನು ಪ್ರಾಮಾಣಿಕವಾಗಿ ತುಂಬಿದ ಗುಂಪು ಅರ್ಧ ಕೆಲಸ ಮುಗಿಸಿದಂತೆಯೇ.

ಉಳಿದ ಕಾಗದಗಳ ವಿಷಯ ಅಷ್ಟು ಸುಲಭವಲ್ಲ. ಐವರ ಗುಂಪು ಕರೆಸುವವರಿಗೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯದೋ ಒಂದು ದೇಶದ ಸರ್ಕಾರದ್ದೋ ಮಾನ್ಯತಾ ಪತ್ರ ಇರಲೇಬೇಕು ಎಂಬ ನಿಯಮ 2012ರಿಂದ ಇದೆ. ಅದು ಇಲ್ಲದವರಿಗೆ ಈ ಬಾಗಿಲು ತೆರೆಯುವುದಿಲ್ಲ, ಎಷ್ಟು ವರ್ಷ ಬಂಧನದಲ್ಲಿದ್ದರೂ ತೆರೆಯುವುದಿಲ್ಲ. ನಾವು ಕರೆಸಿದವರ ಬಳಿ ಆ ಪತ್ರ ಇತ್ತು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಅವರು ತುಂಬಬೇಕಾದ ಅರ್ಜಿಯಲ್ಲಿ ಹುಟ್ಟಿದಂದಿನಿಂದ ಇದ್ದ ವಿಳಾಸಗಳು, ಮಾಡಿದ ಕೆಲಸಗಳು, ದೇಶ ಬಿಟ್ಟ ಕಾರಣ, ಬಂಧುಗಳ ವಿವರ ಎಲ್ಲವನ್ನೂ ತಿಂಗಳ ಲೆಕ್ಕದಲ್ಲಿ ಖಾಲಿ ಬಿಡದೆ ಬರೆಯಬೇಕು. ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಬರುವವರಿಗೆ ಹೆಂಡತಿ ಅಥವಾ ಗಂಡ, ಮಕ್ಕಳು ಬೇರೆಲ್ಲಿಯೋ ಉಳಿದಿದ್ದರೆ ಅವರ ಹೆಸರುಗಳನ್ನು ಮೊದಲ ಅರ್ಜಿಯಲ್ಲೇ ತಪ್ಪದೆ ಬರೆಯಬೇಕು. ಹಾಗೆ ಬರೆದಿದ್ದರೆ ಬಂದ ಒಂದು ವರ್ಷದೊಳಗೆ ಅವರಿಗಾಗಿ ಅರ್ಜಿ ಹಾಕುವ ದಾರಿ ಇದೆ, ಬರೆಯದಿದ್ದರೆ ಆಮೇಲೆ ಕರೆಸಿಕೊಳ್ಳುವುದು ಬಹಳ ಕಷ್ಟವಾಗುತ್ತದೆ. ತಂದೆತಾಯಿಗೆ ಈ ಒಂದು ವರ್ಷದ ದಾರಿ ಇಲ್ಲ.

ನಮ್ಮ ಮೊದಲ ಅರ್ಜಿಯ ಕಟ್ಟು ಹಿಂದಿರುಗಿ ಬಂತು. ತಪ್ಪು ನಮ್ಮದೇ. ಒಂದು ಪುಟದಲ್ಲಿ ನಾನು ದಿನಾಂಕ ಹಾಕಿರಲಿಲ್ಲ, ಇನ್ನೊಂದರಲ್ಲಿ ಬೇರೆ ಬೇರೆ ಕಾಗುಣಿತದಲ್ಲಿ ಅವರ ಹೆಸರು ಬರೆದಿದ್ದೆವು. ಎರಡನೆಯ ಸಲ, 2020ರ ಫೆಬ್ರವರಿಯಲ್ಲಿ, ಅಡುಗೆಮನೆಯ ಮೇಜಿನ ಮೇಲೆ ಎಲ್ಲ ಪುಟಗಳನ್ನೂ ಹರಡಿಕೊಂಡು ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ನೋಡುವುದು ಎಂದು ಕೂತು ಕಳಿಸಿದೆವು. ಪ್ರಾಯೋಜಕರಿಗೆ ಉಚಿತವಾಗಿ ತರಬೇತಿ ಕೊಡುವ, ಅರ್ಜಿ ಕಳಿಸುವ ಮೊದಲು ನೋಡಿ ಹೇಳುವ ಸೇವೆ ಇದೆ ಎಂಬುದು ನಮಗೆ ಆಮೇಲೆ ತಿಳಿಯಿತು. ಹೊಸಬರು ಮೊದಲು ಅಲ್ಲಿಗೆ ಹೋಗಲಿ.

ಹಣದ ಮಾತು ಎಲ್ಲರೂ ಕೇಳುವುದರಿಂದ ನಿಖರವಾಗಿ ಹೇಳುತ್ತೇನೆ. ನಾವು ಅರ್ಜಿ ಹಾಕಿದಾಗ ಒಬ್ಬರಿಗೆ ಒಂದು ವರ್ಷಕ್ಕೆ ಕನಿಷ್ಠ 16,500 ಡಾಲರ್ ತೋರಿಸಬೇಕು ಎಂದು ಸರ್ಕಾರದ ಕೋಷ್ಟಕದಲ್ಲಿತ್ತು. ವ್ಯಾಂಕೂವರ್ ಸುತ್ತಮುತ್ತ ಈ ಮೊತ್ತ ಸಾಲುವುದಿಲ್ಲ. ನಾವು ಹುಡುಕಿದ ನೆಲಮಾಳಿಗೆಯ ಸಣ್ಣ ಮನೆಯ ಬಾಡಿಗೆಯೇ ತಿಂಗಳಿಗೆ 1,400 ಡಾಲರ್, ಹನ್ನೆರಡು ತಿಂಗಳಿಗೆ 16,800. ಅದೂ ಅಕ್ಕನ ಪರಿಚಯದಿಂದ ಸಿಕ್ಕ ಮನೆ. ಒಂದು ಬಾಡಿಗೆ ಸಂಸ್ಥೆಯವರು, ದೇಶದಲ್ಲಿ ಸಾಲದ ಇತಿಹಾಸವೇ ಇಲ್ಲದವರಿಗೆ ಕೊಡುವುದಿಲ್ಲ ಎಂದು ಐವರ ಜಾಮೀನನ್ನೂ ನಿರಾಕರಿಸಿದ್ದರು. ಹಣ ಇಡಲು ಜಂಟಿ ಖಾತೆ ತೆರೆಯುವುದಕ್ಕೆ ಒಂದು ಬ್ಯಾಂಕಿನ ಶಾಖೆಯಲ್ಲಿ ಮೂರು ಸಲ ಅಲೆದು, ಕೊನೆಗೆ ಬೇರೆಡೆ ತೆರೆದೆವು. ಒಟ್ಟು 24,000 ಡಾಲರ್ ಕೂಡಿಸಿದ್ದೆವು. ಅದರಲ್ಲಿ ಮೂರನೇ ಒಂದು ಭಾಗ ಬಂದದ್ದು ಸಮುದಾಯ ಭವನವೊಂದರಲ್ಲಿ ಎರಡು ಭಾನುವಾರ ನಡೆಸಿದ ಬಿಸಿಬೇಳೆಬಾತು, ಮೊಸರನ್ನದ ಊಟದ ಕೂಪನ್ನುಗಳಿಂದ. ಕೂಪನ್ ಕೊಳ್ಳದೆ ಹಣ ಮಾತ್ರ ಕೊಟ್ಟು ಹೋದವರೂ ಇದ್ದರು. ಪ್ರಯಾಣ ಮತ್ತು ವೈದ್ಯಕೀಯ ತಪಾಸಣೆಯ ಖರ್ಚನ್ನು ಮಾತ್ರ ಬರುವವರೇ ಸರ್ಕಾರದಿಂದ ಸಾಲವಾಗಿ ಪಡೆದು ತೀರಿಸಬೇಕಾಗುತ್ತದೆ. 2018ರಿಂದ ಆ ಸಾಲಕ್ಕೆ ಬಡ್ಡಿ ಇಲ್ಲ ನಿಜ. ಆದರೆ ಒಂಬತ್ತು ವರ್ಷ ಒಂದು ಕಾಸು ದುಡಿಯಲು ಬಿಡದೆ ಕೂಡಿಹಾಕಲ್ಪಟ್ಟವರು ಹೊಸ ದೇಶದ ಜೀವನವನ್ನು ಸಾಲದಿಂದ ಆರಂಭಿಸಬೇಕು ಎಂಬ ಈ ಅಂಶವನ್ನು ನಾನು ಒಪ್ಪಲಾರೆ. ಯೋಜನೆಯಲ್ಲಿ ತಕ್ಷಣ ತೆಗೆದುಹಾಕಬೇಕಾದದ್ದು ಏನಾದರೂ ಇದ್ದರೆ ಇದು.

ಅರ್ಜಿಗೂ ಆಗಮನಕ್ಕೂ ನಡುವೆ ಎರಡು ವರ್ಷ ಎಂಟು ತಿಂಗಳು ಕಳೆಯಿತು. ಕೋವಿಡ್ ಕಾಲವೂ ಅದರೊಳಗೆ ಸೇರಿತ್ತು. ಈ ಅವಧಿಯಲ್ಲಿ ಪ್ರಾಯೋಜಕರಿಗೆ ಮಾಡಲು ಏನೂ ಇರುವುದಿಲ್ಲ ಎಂದು ಕಾಗದಗಳನ್ನು ನೋಡಿದರೆ ಅನಿಸುತ್ತದೆ, ಆದರೆ ನಿಜವಾದ ಪ್ರಾಯೋಜಕತ್ವ ನಡೆಯುವುದು ಆಗಲೇ. ಪ್ರತಿ ಭಾನುವಾರ ಸಂಜೆ ನಮ್ಮಲ್ಲಿ ಒಬ್ಬರು ಪೋರ್ಟ್ ಮೋರ್ಸ್‌ಬಿಗೆ ಫೋನು ಮಾಡುತ್ತಿದ್ದೆವು. ಅಲ್ಲಿ ಆಗ ಸೋಮವಾರ ಮಧ್ಯಾಹ್ನ. ಮೊದಲ ತಿಂಗಳುಗಳಲ್ಲಿ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಯಾವ ಸುದ್ದಿಯೂ ಇಲ್ಲ ಎಂದು ಹೇಳುವುದಕ್ಕೇ ಫೋನು ಮಾಡಬೇಕಾದ ವಾರಗಳು ಬಹಳ ಇದ್ದವು, ಆ ವಾರಗಳಲ್ಲಿಯೂ ತಪ್ಪಿಸಬಾರದು ಎಂದು ಅಕ್ಕ ಕಟ್ಟುನಿಟ್ಟಾಗಿ ಹೇಳಿದ್ದರು. ಎರಡನೆಯ ವರ್ಷದ ಹೊತ್ತಿಗೆ ಅವರೇ ಅಕ್ಕನ ಮಂಡಿನೋವು ಹೇಗಿದೆ ಎಂದು ಕೇಳತೊಡಗಿದ್ದರು. ಕಾಯುವವರಿಗೆ ತಮ್ಮ ಅರ್ಜಿ ಎಲ್ಲಿದೆ, ಯಾವ ಹಂತದಲ್ಲಿದೆ ಎಂಬುದು ಅರ್ಥವಾಗುವ ಹಾಗೆ ತಿಳಿಸುವ ವ್ಯವಸ್ಥೆ ಇಲ್ಲದಿರುವುದು ಈ ಸೇವೆಯ ದೊಡ್ಡ ಕೊರತೆ. ಊರಿನಲ್ಲಿ ಕೂತ ನಮಗೆ ಅದು ಕಿರಿಕಿರಿ, ದ್ವೀಪದಲ್ಲಿ ಕೂತವರಿಗೆ ಅದು ಇನ್ನೊಂದು ಬಗೆಯ ಬಂಧನ.

ಬಂದ ನಂತರದ ಎರಡು ಸಂಗತಿಗಳನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತೇನೆ.

ನಾಲ್ಕನೆಯ ದಿನ ಒಂದು ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಕೌಂಟರಿನವರು ಕೊಟ್ಟ ಕಾಗದದ ಮೊದಲ ಸಾಲಿನಲ್ಲಿ ಹೆಸರು ಬರೆಯಬೇಕಿತ್ತು. ಅವರು ಪೆನ್ನು ತೆಗೆದುಕೊಂಡು ತಡೆಯಿಲ್ಲದೆ ಮೂರು ಇಂಗ್ಲಿಷ್ ಅಕ್ಷರ, ಅದರ ಪಕ್ಕ ಒಂದು ಸಂಖ್ಯೆ ಬರೆದರು. ಆಸ್ಟ್ರೇಲಿಯಾದ ಬಂಧನ ವ್ಯವಸ್ಥೆಯಲ್ಲಿ ದೋಣಿಯಲ್ಲಿ ಬಂದವರಿಗೆ ದೋಣಿಯ ಗುರುತಿನ ಅಕ್ಷರಗಳು ಮತ್ತು ಸಂಖ್ಯೆ ಕೊಡುತ್ತಾರೆ. ಊಟದ ಸಾಲಿನಲ್ಲಿ, ಔಷಧಿಯ ಕಿಟಕಿಯಲ್ಲಿ, ರಾತ್ರಿಯ ಎಣಿಕೆಯಲ್ಲಿ ಅದರಿಂದಲೇ ಕರೆಯುತ್ತಾರೆ. ಬರೆದ ಮೇಲೆ ಅವರಿಗೇ ಗೊತ್ತಾಯಿತು. ಅಡ್ಡಗೆರೆ ಎಳೆಯಲಿಲ್ಲ, ಕೌಂಟರಿಗೆ ಹೋಗಿ ಹೊಸ ಕಾಗದ ಕೇಳಿ ತಂದು, ನಿಧಾನವಾಗಿ, ಶಾಲೆಯ ಹುಡುಗರು ಕಾಪಿ ಬರೆಯುವ ಹಾಗೆ ತಮ್ಮ ಪೂರ್ತಿ ಹೆಸರು ಬರೆದರು. ಹಳೆಯ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಇನ್ನೊಂದು ಬೀಗದ ಕೈಯ ವಿಷಯ. ನೆಲಮಾಳಿಗೆಯ ಮನೆಯ ಕೀಲಿಯನ್ನು ಅಕ್ಕ ಅವರ ಕೈಗೆ ಕೊಟ್ಟಾಗ, ಇನ್ನೊಂದು ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿದರು. ಮನೆಯ ಮಾಲೀಕರ ಹತ್ತಿರ ಎಂದೆವು. ರಾತ್ರಿ ಎಣಿಸಲು ಬರುತ್ತಾರೆಯೇ ಎಂದು ಕೇಳಿದರು. ಅಕ್ಕ ಸಮಾಧಾನದ ಮಾತು ಆಡಲು ಹೋಗದೆ, ಕೈಚೀಲದಿಂದ ಬಾಡಿಗೆ ಕರಾರು ತೆಗೆದು, ಬ್ರಿಟಿಷ್ ಕೊಲಂಬಿಯಾದ ಕಾನೂನಿನಂತೆ ಮಾಲೀಕರು ಕನಿಷ್ಠ 24 ಗಂಟೆ ಮೊದಲು ಲಿಖಿತ ಸೂಚನೆ ಕೊಡದೆ, ಬೆಂಕಿಯಂಥ ತುರ್ತು ಸಂದರ್ಭ ಬಿಟ್ಟರೆ, ಒಳಗೆ ಬರುವಂತಿಲ್ಲ ಎಂಬ ಸಾಲನ್ನು ಬೆರಳಿಟ್ಟು ಓದಿದರು. ಅವರು ಆ ಸಾಲನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡರು. ನಾವು ಹೊರಬಂದ ಮೇಲೆ ಒಳಗಿನಿಂದ ಬೀಗ ಹಾಕುವ, ತೆಗೆಯುವ, ಮತ್ತೆ ಹಾಕುವ ಸದ್ದು ಮೆಟ್ಟಿಲವರೆಗೂ ಕೇಳಿಸುತ್ತಿತ್ತು. ಬಂದವರು ನಮ್ಮ ಮನೆಯ ಕೋಣೆಯಲ್ಲಿ ಇರದಿರುವುದೇ ಒಳ್ಳೆಯದು ಎಂದು ಮೇಲೆ ಬರೆದದ್ದು ಇದಕ್ಕೆ. ನಾವು ಎಷ್ಟೇ ಪ್ರೀತಿಯಿಂದ ಇಟ್ಟುಕೊಂಡರೂ ಅದು ಇನ್ನೊಬ್ಬರ ಬೀಗವೇ.

ಹನ್ನೆರಡು ತಿಂಗಳ ಬೆಂಬಲದಲ್ಲಿ ಯೋಜನೆ ಮಾತು ಕೊಟ್ಟದ್ದೆಲ್ಲ ಹೆಚ್ಚುಕಡಿಮೆ ಸಿಕ್ಕಿತು. ಮೊದಲ ದಿನದಿಂದಲೇ ಕೇಂದ್ರ ಸರ್ಕಾರದ ತಾತ್ಕಾಲಿಕ ಆರೋಗ್ಯ ರಕ್ಷಣೆ ಇತ್ತು, ಇಂಗ್ಲಿಷ್ ತರಗತಿ ಉಚಿತವಾಗಿತ್ತು. ಆರನೆಯ ತಿಂಗಳಲ್ಲಿ ಅವರಿಗೆ ಒಂದು ಬೇಕರಿಯಲ್ಲಿ ಬೆಳಗಿನ ಜಾವದ ಕೆಲಸ ಸಿಕ್ಕಿತು. ಸಿಗದೇ ಹೋದದ್ದು ಮನಸ್ಸಿನ ಚಿಕಿತ್ಸೆ. ದೀರ್ಘ ಬಂಧನದಿಂದ ಬಂದವರಿಗೆ ನಿದ್ರೆ, ನೆನಪು, ಗುಂಪಿನ ಭಯ ಇವೆಲ್ಲ ವರ್ಷಗಟ್ಟಲೆ ಕಾಡುತ್ತವೆ. ಅದನ್ನು ಬಲ್ಲ, ಅವರ ಭಾಷೆಯನ್ನೂ ಬಲ್ಲ ವೈದ್ಯರಿಗಾಗಿ ನಾವು ಐದು ತಿಂಗಳು ಹುಡುಕಿದೆವು. ಐವರು ಸಾಮಾನ್ಯರು ತುಂಬಬಹುದಾದ ಕೊರತೆ ಇದಲ್ಲ, ಶಿಬಿರಗಳಿಂದ ಬರುವವರಿಗೂ ಬಂಧನದಿಂದ ಬರುವವರಿಗೂ ಒಂದೇ ಅಳತೆಯ ವ್ಯವಸ್ಥೆ ಇಟ್ಟಿರುವುದು ಯೋಜನೆಯ ತಪ್ಪು. ಹಾಗೆಯೇ ಹದಿಮೂರನೆಯ ತಿಂಗಳ ಮೊದಲ ತಾರೀಖು ಎಲ್ಲವೂ ನಿಂತುಹೋಗುತ್ತದೆ ಎಂಬುದು ಕಾಗದದ ಲೆಕ್ಕವಷ್ಟೇ. ನಾವು ಬಾಡಿಗೆ ಕೊಡುವುದನ್ನು ನಿಲ್ಲಿಸಿದೆವು, ಭಾನುವಾರದ ಊಟವನ್ನು ನಿಲ್ಲಿಸಲಿಲ್ಲ.

ಈಗ ನನ್ನನ್ನು ಇವತ್ತಿಗೂ ಕೊರೆಯುವ ವಿಷಯಕ್ಕೆ ಬರುತ್ತೇನೆ. ಹೆಸರು ಹಿಡಿದು ಕರೆಯಬಹುದು ಎಂಬುದೇ ಈ ಯೋಜನೆಯ ಶಕ್ತಿ ಎಂದೆ. ಅದೇ ಅದರ ಅನ್ಯಾಯವೂ ಹೌದು. ನಾವು ಕರೆಸಿದವರ ಹೆಸರು ನಮಗೆ ತಲುಪಿದ್ದು ಮೆಲ್ಬರ್ನ್‌ನಲ್ಲಿರುವ ಒಬ್ಬ ನಿವೃತ್ತ ಶಿಕ್ಷಕಿಯಿಂದ. ಅವರು ವರ್ಷಗಳಿಂದ ಈತನಿಗೆ ಪತ್ರ ಬರೆಯುತ್ತಿದ್ದರು. ಅವರಿಗೆ ಈತನ ಪರಿಚಯವಾದದ್ದು ಈತನಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿದ್ದುದರಿಂದ, ಮತ್ತು ಕೈಯಲ್ಲೊಂದು ಫೋನು ಇದ್ದುದರಿಂದ. ಅದೇ ಕೋಣೆಯಲ್ಲಿದ್ದ, ಇಂಗ್ಲಿಷ್ ಬಾರದ, ಯಾರೊಂದಿಗೂ ಮಾತಾಡದ ಹಾಸಿಗೆಯವರ ಹೆಸರು ಯಾರಿಗೂ ತಲುಪಲಿಲ್ಲ. ಅತಿ ಹೆಚ್ಚು ಕುಗ್ಗಿದವರೇ ಕಾಣದೆ ಹೋಗುತ್ತಾರೆ. ಸಂಸ್ಥೆಗಳು ಒಬ್ಬೊಬ್ಬರ ಪರಿಸ್ಥಿತಿಯನ್ನು ನೋಡಿ ಪಟ್ಟಿ ಮಾಡಿ, ಪ್ರಾಯೋಜಕರನ್ನು ಹುಡುಕಿ ಜೋಡಿಸಿದಾಗ ಈ ದೋಷ ಎಷ್ಟೋ ಕಡಿಮೆಯಾಗುತ್ತದೆ. ಆದ್ದರಿಂದ ಪರಿಚಯದ ಹೆಸರು ಇಲ್ಲದವರು ಒಪ್ಪಂದವಿರುವ ಸಂಸ್ಥೆಯೊಂದರ ಜೊತೆ ಸೇರಿ ಕೆಲಸ ಮಾಡುವುದನ್ನೇ ನಾನು ಹೆಚ್ಚು ಒಳ್ಳೆಯ ದಾರಿ ಎನ್ನುತ್ತೇನೆ.

ಕೂಡಿಹಾಕಿದ ಸರ್ಕಾರದ ಹೊಣೆಯನ್ನು ನಾವು ಹೊತ್ತು ಅದಕ್ಕೆ ಅನುಕೂಲ ಮಾಡಿಕೊಡುತ್ತಿದ್ದೇವೆಯೇ ಎಂದು ಪಂಜಾಬಿ ಗೆಳೆಯ ಮೊದಲ ಸಭೆಯಲ್ಲೇ ಕೇಳಿದ್ದ. ಕೇಳಬೇಕಾದ ಪ್ರಶ್ನೆ. 2023ರ ಜೂನಿನಲ್ಲಿ ನೌರುವಿನಲ್ಲಿ ಉಳಿದಿದ್ದ ಕೊನೆಯ ನಿರಾಶ್ರಿತರನ್ನು ಹೊರಗೆ ಕರೆತಂದ ಕೆಲವೇ ತಿಂಗಳಲ್ಲಿ ಹೊಸಬರನ್ನು ಅಲ್ಲಿಗೆ ಕಳಿಸಲು ಮತ್ತೆ ಆರಂಭಿಸಿದರು ಎಂಬುದನ್ನು ನೋಡಿದರೆ ಅವನ ಅನುಮಾನ ಸುಳ್ಳಲ್ಲ. ಆದರೆ ಒಬ್ಬರು ವರ್ಷಗಟ್ಟಲೆ ಬಂಧನದಲ್ಲಿರುವಾಗ, ಇನ್ನೊಂದು ವರ್ಷವೂ ಅಲ್ಲಿಯೇ ಇರಲಿ, ಸರ್ಕಾರಕ್ಕೆ ಪಾಠವಾಗಲಿ ಎಂದು ಹೇಳುವ ಅಧಿಕಾರ ನಮಗಿಲ್ಲ ಎಂಬ ನಿರ್ಧಾರಕ್ಕೆ ನಾವು ಬಂದೆವು. ಅವನೂ ಸಹಿ ಹಾಕಿದ.

ಸೇವೆಯ ಇಂದಿನ ಸ್ಥಿತಿ ಒಳ್ಳೆಯದಿಲ್ಲ. ಅರ್ಜಿಗಳು ಮಿತಿ ಮೀರಿ ರಾಶಿಬಿದ್ದವು ಎಂಬ ಕಾರಣ ಕೊಟ್ಟು ಕೆನಡಾ 2024ರ ನವೆಂಬರ್ 29ರಿಂದ ಐವರ ಗುಂಪುಗಳ ಮತ್ತು ಸ್ಥಳೀಯ ಸಂಘಗಳ ಹೊಸ ಅರ್ಜಿಗಳನ್ನು ತೆಗೆದುಕೊಳ್ಳುವುದನ್ನು ತಡೆಹಿಡಿಯಿತು. ಒಪ್ಪಂದವಿರುವ ಸಂಸ್ಥೆಗಳಿಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿ ಅದಕ್ಕೂ ಮುಂಚಿನಿಂದಲೇ ಇದೆ. ಇದೇ ಮಾದರಿಯಲ್ಲಿ ಅಮೆರಿಕ 2023ರ ಜನವರಿಯಲ್ಲಿ ಆರಂಭಿಸಿದ ‘ವೆಲ್ಕಮ್ ಕೋರ್’ 2025ರ ಆರಂಭದಲ್ಲಿ ನಿಂತುಹೋಯಿತು. ಆಸ್ಟ್ರೇಲಿಯಾದಲ್ಲಿ 2022ರಲ್ಲಿ ಆರಂಭವಾದ ಸಮುದಾಯ ಯೋಜನೆಯಲ್ಲಿ ಕೆಲವರು ಗುಂಪಾಗಿ ಸೇರಿ ನಿರಾಶ್ರಿತ ಕುಟುಂಬವೊಂದನ್ನು ಬರಮಾಡಿಕೊಳ್ಳಬಹುದು, ಸಿಡ್ನಿ, ಮೆಲ್ಬರ್ನ್‌ಗಳ ಕನ್ನಡಿಗರು ಅದನ್ನು ಗಮನಿಸಬೇಕು. ಅಲ್ಲಿ ಮಾತ್ರ ದೋಣಿಯಲ್ಲಿ ಬಂದು ದ್ವೀಪ ಸೇರಿದವರಿಗೆ ಅವಕಾಶ ಇಲ್ಲ.

ನಮ್ಮ ಎರಡನೆಯ ಅರ್ಜಿಯ ಕಟ್ಟು ಅಕ್ಕನ ಮನೆಯ ಬೀರುವಿನಲ್ಲಿ ತಯಾರಾಗಿ ಕೂತಿದೆ. ಕರೆಸಬೇಕಾದವರು ಪೋರ್ಟ್ ಮೋರ್ಸ್‌ಬಿಯಲ್ಲಿ ನಮ್ಮವರ ಪಕ್ಕದ ಹಾಸಿಗೆಯಲ್ಲಿದ್ದ, ಇಂಗ್ಲಿಷ್ ಬಾರದ ಆ ಇನ್ನೊಬ್ಬರು. ಖಾತೆಯಲ್ಲಿ ಸದ್ಯ 9,200 ಡಾಲರ್ ಇದೆ. ವಿಯೆಟ್ನಾಂ ಮೂಲದ ಹಿರಿಯರು ಆರೋಗ್ಯ ಸರಿಯಿಲ್ಲದೆ ಮಗಳ ಊರಿಗೆ ಹೋಗಿರುವುದರಿಂದ ಐದನೆಯ ಸಹಿ ಈಗ ಬೇಕರಿಯಲ್ಲಿ ಕೆಲಸ ಮಾಡುವ ನಮ್ಮವರದು. ಪ್ರತಿ ಭಾನುವಾರ ಸಂಜೆಯ ಫೋನನ್ನು ಅವರೇ ಮಾಡುತ್ತಾರೆ.